ಕಾಲು ಹೋಯಿತು, ನಾನು ಹೋಗಲಿಲ್ಲ



2024ರ ಆಷಾಢದ ಒಂದು ರಾತ್ರಿ. ಹೊರಗೆ ಜಿಟಿಜಿಟಿ ಮಳೆ. ಊಟ ಮುಗಿಸಿ ವೀಳ್ಯದೆಲೆಗೆ ಸುಣ್ಣ ಸವರುತ್ತ ಕುಳಿತಿದ್ದಾಗ ದೂರವಾಣಿ ಕರೆ ಬಂತು. ಮಾತನಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅಣ್ಣನೂ ನನ್ನ ಶಿಷ್ಯನೇ; 1987ರಲ್ಲಿ ಹತ್ತನೆಯ ತರಗತಿಯಲ್ಲಿದ್ದ, ಲೆಕ್ಕದಲ್ಲಿ ಚುರುಕಾದ ಹುಡುಗ. ಈಗ ಅವನಿಗೆ ಐವತ್ತು ದಾಟಿದೆ. ಕುಡಿತಕ್ಕೆ ಬಿದ್ದು ಹದಿನೈದು ವರ್ಷವಾಯಿತಂತೆ. "ಸಾರ್, ಅವನು ಯಾರ ಮಾತನ್ನೂ ಕೇಳುತ್ತಿಲ್ಲ. ನಿಮ್ಮ ಹೆಸರು ಹೇಳಿದರೆ ಇಂದಿಗೂ ಎದ್ದು ನಿಲ್ಲುತ್ತಾನೆ. ನೀವೊಮ್ಮೆ ಬಂದು ಬುದ್ಧಿ ಹೇಳಿ, ದೇವರ ಮುಂದೆ ಆಣೆ ಮಾಡಿಸಿಬಿಡಿ" ಎಂದು ಅತ್ತಳು.

ಆಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಕೈಯಲ್ಲಿದ್ದ ಎಲೆ ಹಾಗೆಯೇ ನಿಂತಿತು. "ಖಂಡಿತ ಬರುತ್ತೇನಮ್ಮಾ, ಆದರೆ ಆಣೆ ಮಾಡಿಸುವುದಿಲ್ಲ" ಎಂದೆ. ಅವಳಿಗೆ ಆಶ್ಚರ್ಯವಾಗಿರಬೇಕು. ಮೂವತ್ತನಾಲ್ಕು ವರ್ಷ ಬುದ್ಧಿ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ಮೇಷ್ಟ್ರು ಹೀಗೇಕೆ ಹೇಳಿದರು ಎಂಬುದಕ್ಕೆ ಕಾರಣವನ್ನು ಇಂದು ಬರೆಯಬೇಕೆಂದಿದ್ದೇನೆ. ಇದು ಬಹಳ ವರ್ಷಗಳಿಂದ ಬರೆಯದೆ ಉಳಿಸಿಕೊಂಡಿದ್ದ ಸಂಗತಿ.

ನನ್ನ ತಮ್ಮನ ವಿಷಯ ಬಂಧುಗಳಿಗೆಲ್ಲ ಗೊತ್ತು. ಗೊತ್ತಿದ್ದೂ ಮದುವೆ ಮುಂಜಿಗಳಲ್ಲಿ ನಾವು ಸೇರಿದಾಗ ಯಾರೂ ಅವನ ಮಾತೆತ್ತುವುದಿಲ್ಲ. ಅವನು ನನಗಿಂತ ಒಂಬತ್ತು ವರ್ಷ ಚಿಕ್ಕವನು. 1974ರಲ್ಲಿ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿದ. ಅರಸೀಕೆರೆ, ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವೆ ಹಾದುಹೋಗಿದ್ದ ತಂತಿಗಳ ಉದ್ದಕ್ಕೂ ಸೈಕಲ್ ತುಳಿಯುತ್ತ, ಕಂಬ ಹತ್ತಿ ಇಳಿಯುತ್ತ ದಿನ ಕಳೆಯುತ್ತಿದ್ದ. ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಒಮ್ಮೆ ನಮ್ಮ ಶಾಲೆಯ ಫೋನು ಕೆಟ್ಟಾಗ ಬಂದು ಸರಿಪಡಿಸಿ, ಚಹಾ ಕುಡಿಯುತ್ತ ನನಗೆ ಹೇಳಿದ್ದ: "ಅಣ್ಣಾ, ಈ ಕಡೆ ಫೋನೂ ಚೆನ್ನಾಗಿರುತ್ತೆ, ಆ ಕಡೆ ಫೋನೂ ಚೆನ್ನಾಗಿರುತ್ತೆ. ಮಧ್ಯ ಎಲ್ಲೋ ಒಂದು ಜಾಯಿಂಟು ತುಕ್ಕು ಹಿಡಿದಿರುತ್ತೆ. ಜನ ಮಾತ್ರ ಫೋನನ್ನು ಬಡೀತಾರೆ." ನಾವಿಬ್ಬರೂ ನಕ್ಕಿದ್ದೆವು.

ಮಳೆಗಾಲದಲ್ಲಿ ನೆನೆದು ಬಂದ ಸಂಜೆಗಳಲ್ಲಿ ಜೊತೆಗಾರರೊಂದಿಗೆ ಆರಂಭವಾದ ಕುಡಿತ ಹತ್ತು ವರ್ಷಗಳಲ್ಲಿ ಬೆಳಿಗ್ಗೆಯೇ ಬೇಕೆನಿಸುವ ಕುಡಿತವಾಯಿತು. ಆಗ ಪ್ಯಾಕೆಟ್ ಸಾರಾಯಿಯ ಕಾಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅಷ್ಟು ಹೊತ್ತಿಗೆ ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

1988ರ ಬೇಸಿಗೆ ರಜೆಯಲ್ಲಿ ಅಮ್ಮನ ಕಣ್ಣೀರು ನೋಡಲಾರದೆ ನಾನು ಅವನನ್ನು ನನ್ನ ಮನೆಗೆ ಕರೆತಂದೆ. ದೇವರ ಮುಂದೆ ಆಣೆ ಮಾಡಿಸಿದೆ. ಅಷ್ಟು ಸಾಲದೆಂದು ಮೇಷ್ಟ್ರ ಬುದ್ಧಿಯನ್ನೂ ಉಪಯೋಗಿಸಿದೆ. ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಕೊಟ್ಟು, 'ನಾನು ಇನ್ನು ಕುಡಿಯುವುದಿಲ್ಲ' ಎಂದು ನೂರು ಸಲ ಬರೆಯಲು ಹೇಳಿ, ಮಹಡಿಯ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಅಗಳಿ ಹಾಕಿದೆ. ಮೂವತ್ತೈದು ವರ್ಷದ ಗಂಡಸು, ಒಂದು ಹೆಣ್ಣುಮಗುವಿನ ತಂದೆ, ಮರುಮಾತನಾಡದೆ ಕುಳಿತು ಬರೆದ. ಮೊದಲ ಪುಟದ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಮರುದಿನ ನೋಡಿದರೆ ಸಾಲುಗಳು ಅಂಕುಡೊಂಕಾಗಿ, ಅಕ್ಷರಗಳು ಒಡೆದುಹೋಗಿದ್ದವು. "ಶ್ರದ್ಧೆಯಿಲ್ಲ ನಿನಗೆ, ನೆಟ್ಟಗೆ ಬರೆ" ಎಂದು ಗದರಿದೆ. ಅವನು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬರೆಯಲು ಪ್ರಯತ್ನಿಸಿದ. ಅದು ನನ್ನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಮೂರನೆಯ ರಾತ್ರಿ ಅವನು ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕೂಗಿದ. ತೀರಿಹೋದ ನಮ್ಮ ತಂದೆಯವರೊಡನೆ ಮಾತನಾಡತೊಡಗಿದ. ಅಮ್ಮ ಗಾಳಿ ಸೋಕಿದೆಯೆಂದು ವಿಭೂತಿ ಹಚ್ಚಿದರು, ನಾನು ನಾಟಕವೆಂದುಕೊಂಡೆ. ಬೆಳಗಿನ ಜಾವ ಮೈ ಸೆಟೆದು ಫಿಟ್ಸ್ ಬಂತು. ತೆಂಗಿನಕಾಯಿ ಲಾರಿಯೊಂದನ್ನು ಅಡ್ಡಗಟ್ಟಿ ಸರ್ಕಾರಿ ಆಸ್ಪತ್ರೆಗೆ ಕೊಂಡೊಯ್ದೆವು. ಅಲ್ಲಿನ ವೈದ್ಯರು ಚುಚ್ಚುಮದ್ದು ಕೊಟ್ಟು, ಆರು ದಿನ ಇರಿಸಿಕೊಂಡು ಉಳಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಕುಡಿತ ಬಿಡಿಸಲು ಹೋಗಿ ಪ್ರಾಣವನ್ನೇ ಬಿಡಿಸುತ್ತಿದ್ದಿರಿ" ಎಂದರು.

ಅದರ ಕಾರಣ ಈಗ ನನಗೆ ತಿಳಿದಿದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಚಟುವಟಿಕೆಯನ್ನು ತಗ್ಗಿಸುತ್ತದೆ, ಗ್ಲುಟಮೇಟ್ ಎಂಬುದು ಹೆಚ್ಚಿಸುತ್ತದೆ. ಒಂದು ಬ್ರೇಕು, ಇನ್ನೊಂದು ಆಕ್ಸಿಲರೇಟರು ಎನ್ನೋಣ. ಮದ್ಯವು ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ಸಡಿಲಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸಮತೋಲಕ್ಕಾಗಿ ತನ್ನ ಬ್ರೇಕನ್ನು ದುರ್ಬಲಗೊಳಿಸಿ ಆಕ್ಸಿಲರೇಟರನ್ನು ಬಲಪಡಿಸಿಕೊಳ್ಳುತ್ತದೆ. ಆಗ ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಹಿಡಿತವಿಲ್ಲದ ಉದ್ರೇಕ ಉಂಟಾಗುತ್ತದೆ. ಮೊದಲು ಕೈನಡುಕ, ಬೆವರು, ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್, ಎರಡರಿಂದ ನಾಲ್ಕು ದಿನಗಳೊಳಗೆ ಕೆಲವರಲ್ಲಿ ಸನ್ನಿ. ಚಿಕಿತ್ಸೆಯಿಲ್ಲದಿದ್ದರೆ ಈ ಸನ್ನಿಯಿಂದ ಸಾವೂ ಸಂಭವಿಸುತ್ತದೆ. ನನ್ನ ತಮ್ಮನ ಒಡೆದ ಅಕ್ಷರಗಳು ಅಶ್ರದ್ಧೆಯ ಗುರುತಾಗಿರಲಿಲ್ಲ. ವಿಜ್ಞಾನದ ಮೇಷ್ಟ್ರಾದ ನಾನು ರೋಗಲಕ್ಷಣವನ್ನು ಕಂಡು ಕಾಪಿಯನ್ನು ತಿದ್ದುತ್ತಿದ್ದೆ.

ಆಸ್ಪತ್ರೆಯಿಂದ ಬಂದಮೇಲೆ ನಾಲ್ಕು ತಿಂಗಳು ಅವನು ಒಂದು ತೊಟ್ಟೂ ಮುಟ್ಟಲಿಲ್ಲ. ಸಂಬಳವನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ. ಮಗಳಿಗೆ ಒಂದು ಜೊತೆ ಬೆಳ್ಳಿಯ ಕಾಲುಗೆಜ್ಜೆ ಕೊಂಡ. ಗಣೇಶನ ಹಬ್ಬದ ಹೊತ್ತಿಗೆ ಗಾಳಿಮಳೆಗೆ ತಂತಿ ಹರಿದು, ಹಳೆಯ ಅಂಗಡಿಯ ಎದುರಿನ ಕಂಬವನ್ನೇ ಹತ್ತಬೇಕಾಯಿತು. ಇಳಿದವನು ನೇರವಾಗಿ ಅಂಗಡಿಗೆ ಹೋದ. ಮರುದಿನ ಮಧ್ಯಾಹ್ನ ನಮ್ಮ ಶಾಲೆಗೆ ಬಂದು ಹೊಂಗೆಯ ಮರದ ಕೆಳಗೆ ನಿಂತ. ನಾನು ಹೊರಗೆ ಬಂದಾಗ ತಲೆ ತಗ್ಗಿಸಿಕೊಂಡು ಹೇಳಿದ: "ಅಣ್ಣಾ, ಕಾಲು ಹೋಯ್ತು. ನಾನು ಹೋಗಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಮಾಡಿದ ತಪ್ಪಿಗೆ ಇಂಥ ಜಾಣತನದ ಮಾತು ಬೇರೆಯೇ ಎನಿಸಿತು. ಕಿಟಕಿಗಳಲ್ಲಿ ಮಕ್ಕಳು ನೋಡುತ್ತಿದ್ದರು. ಅಂದು ನೋಡಿದವರಲ್ಲಿ ಕೆಲವರು ಈ ಬರಹವನ್ನೂ ಓದುತ್ತಿರಬಹುದು. "ನಿನಗೆ ಮನಸ್ಸೆಂಬುದೇ ಇಲ್ಲ, ಇನ್ನು ನನ್ನ ಮುಖ ನೋಡಬೇಡ" ಎಂದೆ. ಕಪಾಟಿನಲ್ಲಿದ್ದ ಆ ನೋಟ್‌ಪುಸ್ತಕವನ್ನು ತಂದು ಅವನ ಕಾಲ ಬಳಿ ಎಸೆದೆ. ಅವನು ಬಗ್ಗಿ ಎತ್ತಿಕೊಂಡು, ಧೂಳು ಒರೆಸಿ, ಹೊರಟುಹೋದ. ಆಮೇಲೆ ಎಂಟು ವರ್ಷ ನಾವು ಮಾತನಾಡಲಿಲ್ಲ. 1996ರಲ್ಲಿ ಯಕೃತ್ತು ಕೆಟ್ಟು ತೀರಿಕೊಂಡ. ಕೊನೆಯ ವಾರ ನೋಡಲು ಹೋದೆ. ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅವನಿಗೆ ನಲವತ್ತಮೂರು ವರ್ಷ.

ಆ ಮಳೆಯ ರಾತ್ರಿಯ ಕರೆಯ ನಂತರ ನಾನು ಬೆಂಗಳೂರಿನಲ್ಲಿ ಮನೋವೈದ್ಯೆಯಾಗಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಯನ್ನು ಸಂಪರ್ಕಿಸಿದೆ. ಶಿಷ್ಯನನ್ನು ಅವಳ ಬಳಿಗೆ ಕರೆದೊಯ್ದ ದಿನ, ಅವನು ಒಳಗೆ ಪರೀಕ್ಷೆಗಳಿಗೆ ಒಳಗಾಗಿದ್ದಾಗ, ತಮ್ಮನ ಆ ಮಾತನ್ನು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಅವರು ಸುಳ್ಳು ಹೇಳಿರಲಿಲ್ಲ" ಎಂದಳು. ಬಳಿಕ ಬಿಳಿಯ ಹಾಳೆಯೊಂದನ್ನು ತೆಗೆದುಕೊಂಡು, "ನೀವು ನಮಗೆ ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆಡುಲ್ಲಾ ಎಂದು ಭಾಗಗಳನ್ನು ಗುರುತಿಸಲು ಕಲಿಸಿದಿರಿ. ಈಗ ಆ ಭಾಗಗಳ ನಡುವಿನ ಮಾತುಕತೆಯನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತಾರೆ" ಎಂದು ಗುರುವಿಗೆ ಪಾಠ ಆರಂಭಿಸಿದಳು. ಆ ದಿನ ಕೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ನಿಮಗೆ ಹೇಳುತ್ತೇನೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಯಾವ ಕೋಶವೂ ಒಂಟಿಯಾಗಿ ಏನನ್ನೂ ಮಾಡಲಾರದು. 1990ರಲ್ಲಿ ಸೇಜಿ ಒಗಾವಾ ಎಂಬ ಜಪಾನೀ ವಿಜ್ಞಾನಿ, ರಕ್ತದಲ್ಲಿ ಆಮ್ಲಜನಕ ಹೆಚ್ಚು ಕಡಿಮೆಯಾದಾಗ ಅದರ ಕಾಂತಗುಣ ಬದಲಾಗುವುದನ್ನು ಬಳಸಿಕೊಂಡು, ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಚಟುವಟಿಕೆಯನ್ನು ಕಾಣುವ ದಾರಿಯನ್ನು ತೋರಿಸಿದರು. 1995ರಲ್ಲಿ ಭಾರತ ಮೂಲದ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಸೋಜಿಗವನ್ನು ಕಂಡರು. ಯಂತ್ರದೊಳಗೆ ಅಲುಗಾಡದೆ ಸುಮ್ಮನೆ ಮಲಗಿದ್ದವರ ಮಿದುಳಿನಲ್ಲಿಯೂ, ಎಡ ಬಲ ಕೈಗಳನ್ನು ಆಡಿಸುವ ಎರಡು ದೂರದ ಭಾಗಗಳು ಒಂದೇ ಲಯದಲ್ಲಿ ಮೆಲ್ಲಗೆ ಏರಿಳಿಯುತ್ತಿದ್ದವು. ಯಾರೂ ಕರೆ ಮಾಡದಿದ್ದಾಗಲೂ ತಂತಿ ಜೀವಂತವಾಗಿತ್ತು ಎನ್ನಬಹುದು. ಹೀಗೆ ಜೊತೆಜೊತೆಯಾಗಿ ಏರಿಳಿಯುವ ಭಾಗಗಳ ಗುಂಪನ್ನು ಜಾಲವೆಂದು ಕರೆಯುತ್ತಾರೆ.

ಇವುಗಳಲ್ಲಿ ಮೂರು ಜಾಲಗಳು ಮುಖ್ಯವೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನೋದ್ ಮೆನನ್ 2011ರಲ್ಲಿ ವಿವರಿಸಿದರು. ಸುಮ್ಮನೆ ಕುಳಿತಾಗ ಹಿಂದಿನದು ಮುಂದಿನದನ್ನು ನೆನೆಯುವ, ನಾನು ನನ್ನದು ಎಂಬುದರ ಸುತ್ತ ಸುತ್ತುವ ಮನೋಲಹರಿಯ ಜಾಲ ಒಂದು. ಯೋಜಿಸಿ, ತೂಗಿ, ತಡೆದು ನಡೆಸುವ ಕಾರ್ಯನಿರ್ವಾಹಕ ಜಾಲ ಇನ್ನೊಂದು. ಇದರ ಪ್ರಧಾನ ಠಾಣೆಗಳಲ್ಲಿ ಒಂದು ಹಣೆಯ ಹಿಂದಿರುವ ಪ್ರೀಫ್ರಾಂಟಲ್ ಕಾರ್ಟೆಕ್ಸ್. ಈ ಕ್ಷಣಕ್ಕೆ ಯಾವುದು ಮುಖ್ಯ ಎಂದು ಗಂಟೆ ಬಾರಿಸಿ, ಮೊದಲೆರಡರಲ್ಲಿ ಒಂದರಿಂದ ಇನ್ನೊಂದಕ್ಕೆ ದಾರಿ ಬದಲಿಸುವ ಎಚ್ಚರಿಕೆಯ ಜಾಲ ಮೂರನೆಯದು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಇನ್ನು ಆಸೆಯ ಕಥೆ. 1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಕೆಲವು ಭಾಗಗಳಿಗೆ ಸಣ್ಣ ತಂತಿ ಸೇರಿಸಿ, ಸನ್ನೆಯೊಂದನ್ನು ಒತ್ತಿದರೆ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿಗಳು ಆ ಸನ್ನೆಯನ್ನು ಮತ್ತೆ ಮತ್ತೆ, ಗಂಟೆಗೆ ನೂರಾರು ಸಲ ಒತ್ತಿದವು. ಈ ಮಾರ್ಗದಲ್ಲಿ ಕೆಲಸ ಮಾಡುವ ಮುಖ್ಯ ರಾಸಾಯನಿಕ ಡೋಪಮೈನ್. ಅದು ಸುಖದ ರಸವೆಂದು ಬಹುಕಾಲ ನಂಬಲಾಗಿತ್ತು. 1993ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ರಾಬಿನ್‌ಸನ್ ಮತ್ತು ಬೆರಿಡ್ಜ್ ಬೇರೆ ಮಾತು ಹೇಳಿದರು: ಬೇಕೆನಿಸುವುದು ಬೇರೆ, ಇಷ್ಟವಾಗುವುದು ಬೇರೆ. ವ್ಯಸನ ಬೆಳೆದಂತೆ ಇಷ್ಟ ಹೆಚ್ಚದಿದ್ದರೂ, ಕಡಿಮೆಯಾದರೂ, ಬೇಕೆಂಬ ಸೆಳೆತ ಹೆಚ್ಚುತ್ತಲೇ ಹೋಗಬಹುದು. ತಮ್ಮನೂ ಕೊನೆಕೊನೆಗೆ ಸಾರಾಯಿಯನ್ನು ಮೂಗು ಹಿಡಿದುಕೊಂಡು ನುಂಗುತ್ತಿದ್ದನೆಂದು ಅವನ ಹೆಂಡತಿ ಹೇಳಿದ್ದು ನೆನಪಾಯಿತು.

2005ರಲ್ಲಿ ಕೇಂಬ್ರಿಡ್ಜ್‌ನ ಎವೆರಿಟ್ ಮತ್ತು ರಾಬಿನ್ಸ್ ಮತ್ತೊಂದು ಸಂಗತಿಯನ್ನು ವಿವರಿಸಿದರು. ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ಅದರ ಕೆಳಪಾಲು ಫಲದ ಆಸೆಗೆ, ಮೇಲ್ಪಾಲು ರೂಢಿಗೆ ಸಂಬಂಧಿಸಿದ್ದು. ಸೈಕಲ್ ತುಳಿಯುವಾಗ ನಾವು ಪ್ರತಿ ಪೆಡಲನ್ನೂ ಆಲೋಚಿಸುವುದಿಲ್ಲವಷ್ಟೆ, ಅದು ರೂಢಿ. ಮೊದಮೊದಲು ಸುಖಕ್ಕಾಗಿ ಆರಿಸಿ ಮಾಡಿದ ಕೆಲಸದ ಯಜಮಾನಿಕೆ, ವರ್ಷಗಳು ಕಳೆದಂತೆ, ಕೆಳಪಾಲಿನಿಂದ ಮೇಲ್ಪಾಲಿಗೆ ಜಾರುತ್ತದೆಂಬುದು ಅವರ ವಾದ. ಆ ಕಂಬ, ಆ ಅಂಗಡಿ, ಆ ವಾಸನೆ ಕಂಡೊಡನೆ ಎಚ್ಚರಿಕೆಯ ಜಾಲ ಗಂಟೆ ಬಾರಿಸುತ್ತದೆ, ರೂಢಿ ಎದ್ದು ನಡೆಯುತ್ತದೆ. ಇದನ್ನು ತಡೆಯಬೇಕಾದ ಹಣೆಯ ಹಿಂದಿನ ಠಾಣೆಗೂ ಸ್ಟ್ರಯೇಟಮಿಗೂ ನಡುವಿನ ಸಂಪರ್ಕವನ್ನು ಮದ್ಯವೇ ಶಿಥಿಲಗೊಳಿಸಿರುತ್ತದೆ. ಭಾಗಗಳನ್ನು ಜೋಡಿಸುವ ಬಿಳಿಯ ನರತಂತುಗಳೂ ಅದರಿಂದ ಹಾನಿಗೊಳ್ಳುತ್ತವೆ. ಎಲ್ಲರ ಮಿದುಳಿನಲ್ಲೂ ಒಂದೇ ಬಗೆಯ ಬದಲಾವಣೆ ಕಾಣುವುದಿಲ್ಲ. ಕೆಲವು ಸಂಪರ್ಕಗಳು ಸಡಿಲವಾದರೆ ಕೆಲವು ಅತಿಯಾಗಿ ಬಿಗಿಯುತ್ತವೆ. ಆದರೆ ತಡೆಯುವ ಜಾಲಕ್ಕೂ ಸೆಳೆಯುವ ಜಾಲಕ್ಕೂ ಇರಬೇಕಾದ ಹೊಂದಾಣಿಕೆ ಕೆಡುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹನ್ನೊಂದನೆಯ ವರ್ಗೀಕರಣ 2022ರ ಜನವರಿಯಲ್ಲಿ ಜಾರಿಗೆ ಬಂತು. ಮದ್ಯಾವಲಂಬನೆಗೆ ಅದು ಹೇಳುವ ಮೂರು ಮುಖ್ಯ ಲಕ್ಷಣಗಳಲ್ಲಿ ಮೊದಲನೆಯದೇ ನಿಯಂತ್ರಣ ಕುಂದುವುದು.

ಹಾಳೆಯ ಮೇಲೆ ಅವಳು ಬರೆದ ಎರಡು ವೃತ್ತಗಳನ್ನೂ, ನಡುವೆ ಚುಕ್ಕೆಚುಕ್ಕೆಯಾಗಿ ಎಳೆದ ಗೆರೆಯನ್ನೂ ನೋಡುತ್ತ ನಾನು ಕುಳಿತುಬಿಟ್ಟೆ. ಆ ಕಡೆ ಫೋನೂ ಚೆನ್ನಾಗಿತ್ತು, ಈ ಕಡೆ ಫೋನೂ ಚೆನ್ನಾಗಿತ್ತು. ನಾನು ಫೋನನ್ನು ಬಡಿದಿದ್ದೆ.

ಆಣೆಯ ತೊಂದರೆಯೂ ಇದೇ. ದೇವರ ಮುಂದೆ ನಿಂತು, ಮನೆಯವರ ನಡುವೆ, ಶಾಂತವಾಗಿದ್ದಾಗ ಆಣೆ ಮಾಡುವವನು ನಿಜವಾಗಿಯೇ ಮಾಡುತ್ತಾನೆ. ಆಗ ಹಣೆಯ ಹಿಂದಿನ ಠಾಣೆ ಮಾತನಾಡುತ್ತಿರುತ್ತದೆ. ಅಂಗಡಿಯ ಮುಂದೆ ಆ ಮಾತು ಕಾಲಿಗೆ ತಲುಪಬೇಕು. ತಲುಪಿಸುವ ದಾರಿಯೇ ಕೆಟ್ಟಿರುತ್ತದೆ. ಕೆಟ್ಟ ಅಂಗದಿಂದಲೇ ಪೂರ್ತಿ ಬಲವನ್ನು ಕೇಳಿ, ಅದು ಸೋತಾಗ 'ಮನಸ್ಸಿಲ್ಲ' ಎನ್ನುವುದು, ಕಾಲು ಮುರಿದವನಿಗೆ ಓಡಲು ಹೇಳಿ, ಬಿದ್ದಾಗ ಸೋಮಾರಿ ಎಂದಂತೆ. ಮಹಾಭಾರತದಲ್ಲಿ ಧರ್ಮರಾಯನು ಜೂಜಿನಲ್ಲಿ ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಲ್ಲವನ್ನೂ ಸೋತ. ಧೃತರಾಷ್ಟ್ರನು ಎಲ್ಲವನ್ನೂ ಹಿಂದಿರುಗಿಸಿದ. ಊರಿನ ದಾರಿಯಲ್ಲಿದ್ದಾಗಲೇ ಮತ್ತೆ ಕರೆ ಬಂತು, ಹೋಗಿ ಮತ್ತೆ ಕುಳಿತ. ತಿಳಿಯದವನೆ ಅವನು? ಧರ್ಮದ ಸೂಕ್ಷ್ಮ ಅವನಷ್ಟು ಬಲ್ಲವರಿರಲಿಲ್ಲ. ತರಗತಿಯಲ್ಲಿ ಈ ಕಥೆ ಹೇಳುವಾಗ ಧರ್ಮರಾಯನ ಬಗ್ಗೆ ಮರುಗುತ್ತಿದ್ದ ನಾನು ನನ್ನ ತಮ್ಮನ ಬಗ್ಗೆ ಮರುಗಲಿಲ್ಲ.

ಹಾಗಾದರೆ ಕುಡಿಯುವವನದು ಏನೂ ತಪ್ಪಿಲ್ಲವೆ ಎಂದು ಕೇಳುವಿರಿ. ನನ್ನ ತಮ್ಮನ ಹೆಂಡತಿ ಓದಿದರೆ ಅವಳೇ ಮೊದಲು ಕೇಳುತ್ತಾಳೆ. ಕೇಳುವ ಹಕ್ಕು ಅವಳಿಗಿದೆ. ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವಳು ಅವಳು. ಅವಳ ಮೇಲಾದ ಏಟುಗಳನ್ನು ಯಾವ ಎಂಆರ್‌ಐ ಚಿತ್ರವೂ ಅಳಿಸುವುದಿಲ್ಲ. ನಾನೂ ಇದನ್ನೇ ವೈದ್ಯೆಯ ಮುಂದಿಟ್ಟಾಗ ಅವಳು, "ಮಿದುಳು ಹೀಗಿದೆ ಎಂದು ತಿಳಿಯುವುದು ಖುಲಾಸೆ ಮಾಡಲಿಕ್ಕಲ್ಲ ಸಾರ್, ಎಲ್ಲಿ ಹಿಡಿದು ಎತ್ತಬೇಕು ಎಂದು ತಿಳಿಯಲಿಕ್ಕೆ" ಎಂದಳು. ಚಿಕಿತ್ಸೆಗೆ ಬರುವುದು, ಔಷಧ ನುಂಗುವುದು, ಜಾರಿದ್ದನ್ನು ಬಚ್ಚಿಡದೆ ಹೇಳುವುದು ಅವನ ಹೊಣೆ. ನಿಯಂತ್ರಣ ಕುಂದಿರುತ್ತದೆ, ಪೂರ್ತಿ ಸತ್ತಿರುವುದಿಲ್ಲ. ವ್ಯಸನಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬಂದದ್ದೆಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ; ಉಳಿದ ಅರ್ಧ ಬದುಕಿನಿಂದ. ಬಂಧುಗಳೇ, ನಮ್ಮ ಮನೆಯ ಹುಡುಗರಿಗೆ ಇದನ್ನು ಹೇಳುವುದು ನಮ್ಮ ಹೊಣೆ. ಹಣೆಯ ಹಿಂದಿನ ಆ ಠಾಣೆ ಪೂರ್ತಿ ಬಲಿಯಲು ಇಪ್ಪತ್ತರ ದಶಕದ ನಡುವಿನವರೆಗೂ ಸಮಯ ಬೇಕು. ಹದಿನೆಂಟಕ್ಕೇ ಗ್ಲಾಸು ಹಿಡಿಯುವವನು ಕಟ್ಟಡ ಕಟ್ಟುತ್ತಿರುವಾಗಲೇ ಗೋಡೆಗೆ ನೀರು ಬಿಡುತ್ತಿದ್ದಾನೆ.

ಸಮಾಧಾನದ ಸಂಗತಿಯೂ ಇದೆ. ಕುಡಿತ ನಿಲ್ಲಿಸಿದ ಮೊದಲ ವಾರಗಳಿಂದಲೇ ಕುಗ್ಗಿದ ಮಿದುಳು ಸ್ವಲ್ಪಮಟ್ಟಿಗೆ ತುಂಬಿಕೊಳ್ಳತೊಡಗುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾಜ್‌ಮಿನ್ ಕ್ಯಾಮ್‌ಚಾಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹಳ ವರ್ಷಗಳಿಂದ ಕುಡಿತ ಬಿಟ್ಟವರ ಮಿದುಳುಗಳಲ್ಲಿ ತಡೆಯುವ ಜಾಲದ ಹೊಂದಾಣಿಕೆ ಎಂದೂ ವ್ಯಸನಕ್ಕೆ ಬೀಳದವರಿಗಿಂತ ಹೆಚ್ಚಾಗಿಯೂ, ಸೆಳೆಯುವ ಜಾಲದ್ದು ಕಡಿಮೆಯಾಗಿಯೂ ಕಂಡಿತು. ಮುರಿದ ಮೂಳೆ ಮತ್ತೆ ಕೂಡಿಕೊಂಡಂತೆ ಎಂದು ನಾನು ಅರ್ಥಮಾಡಿಕೊಂಡೆ. ಆದರೆ ಇದಕ್ಕೆ ಕಾಲ ಬೇಕು, ಅಷ್ಟು ಕಾಲ ಬಿಟ್ಟಿರಲು ನೆರವು ಬೇಕು. ನಾನು ತಮ್ಮನಿಗೆ ಕೊಟ್ಟದ್ದು ನಾಲ್ಕು ತಿಂಗಳು.

ಶಿಷ್ಯನ ವಿಷಯಕ್ಕೆ ಬರುತ್ತೇನೆ. ಮೊದಲ ದಿನಗಳನ್ನು ಅವನು ಆಸ್ಪತ್ರೆಯಲ್ಲೇ ಕಳೆದ. ನಡುಕಕ್ಕೂ ಫಿಟ್ಸ್‌ಗೂ ತಡೆಯೊಡ್ಡುವ ಔಷಧವನ್ನೂ, ಬಿ1 ಜೀವಸತ್ವವನ್ನೂ ಕೊಟ್ಟರು. ಆ ಜೀವಸತ್ವದ ಕೊರತೆ ಕುಡಿಯುವವರಲ್ಲಿ ಸಾಮಾನ್ಯ, ಅದು ನೆನಪನ್ನೇ ಶಾಶ್ವತವಾಗಿ ಕೆಡಿಸಬಲ್ಲದು. ಸೆಳೆತವನ್ನು ತಗ್ಗಿಸಲು ನಾಲ್‌ಟ್ರೆಕ್ಸೋನ್ ಎಂಬ ಮಾತ್ರೆ ಆರಂಭವಾಯಿತು. ಮದ್ಯವ್ಯಸನಕ್ಕೆ ಇದರ ಬಳಕೆಗೆ ಅಮೆರಿಕದಲ್ಲಿ 1994ರಲ್ಲಿ ಅನುಮತಿ ಸಿಕ್ಕಿತ್ತು. ಡೈಸಲ್ಫಿರಾಮ್ ಎಂಬ ಇನ್ನೊಂದು ಮಾತ್ರೆಯನ್ನು ಕೆಲವರು ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರ ಮೇಲೆ ಮದ್ಯ ಬಿದ್ದರೆ ಜೀವಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ಕೊಡುವ ಔಷಧ ಅದು.

ಮನೆಗೆ ಬಂದಮೇಲೆ ನಾವು ಮಾಡಿದ್ದು ಬಹಳ ಸಣ್ಣ ಕೆಲಸ. ಸಂಜೆ ಆರರಿಂದ ಎಂಟರವರೆಗೆ ಅವನು ಒಂಟಿಯಾಗಿರದಂತೆ ನೋಡಿಕೊಂಡೆವು. ಕೆಲಸದಿಂದ ಬರುವಾಗ ಇಳಿಯುತ್ತಿದ್ದ ಬಸ್ ನಿಲ್ದಾಣವನ್ನು ಬದಲಿಸಿದೆವು, ಏಕೆಂದರೆ ಹಳೆಯ ನಿಲ್ದಾಣದ ಎದುರೇ ಅಂಗಡಿ. ಕುಡಿತ ಬಿಟ್ಟವರ ವಾರದ ಸಭೆಗೆ ತಂಗಿಯ ಗಂಡ ಜೊತೆಯಲ್ಲಿ ಹೋಗಿಬರುತ್ತಾರೆ. ಒಳಗಿನ ತಡೆ ಬಲಗೊಳ್ಳುವತನಕ ಹೊರಗಿನಿಂದ ಕಟ್ಟಿದ ತಡೆಗಳು ಇವು.

ಮೂರನೆಯ ತಿಂಗಳು ಅವನು ಒಮ್ಮೆ ಜಾರಿದ. ಕರೆ ಮಾಡಿ ಏನೂ ಹೇಳದೆ ಉಸಿರು ಬಿಡುತ್ತಿದ್ದ. ಬೈಗುಳಕ್ಕಾಗಿ ಕಾಯುತ್ತಿದ್ದನೆಂದು ತೋರುತ್ತದೆ. "ಯಾವ ದಾರಿಯಲ್ಲಿ ಹೋದೆಯಪ್ಪಾ?" ಎಂದು ಕೇಳಿದೆ. ಒಂದು ತಿಥಿಯ ಊಟಕ್ಕೆಂದು ಹೋದವನು ಹಳೆಯ ಗೆಳೆಯರ ಜೊತೆಗೆ ಸಿಕ್ಕಿಬಿದ್ದದ್ದನ್ನು ಹೇಳಿದ. ಮರುದಿನವೇ ವೈದ್ಯೆಯನ್ನು ಕಂಡ. ಆಮೇಲೆ ಈತನಕ, ಅಂದರೆ ಒಂದು ವರ್ಷದ ಮೇಲೆ, ನಿಂತಿದ್ದಾನೆ. ಮುಂದಿನದನ್ನು ನಾನು ಹೇಳಲಾರೆ. ಜಾರಿದರೆ ಮತ್ತೆ ಅದೇ ಪ್ರಶ್ನೆಯನ್ನು ಕೇಳುತ್ತೇನೆ.

ಅಂದು ಬೆಂಗಳೂರಿನಿಂದ ಹಿಂದಿರುಗಿದ ರಾತ್ರಿ ನಾನು ಅಟ್ಟದ ಪೆಟ್ಟಿಗೆಯನ್ನು ಇಳಿಸಿದೆ. ತಮ್ಮ ತೀರಿಕೊಂಡ ವರ್ಷ ಅವನ ಹೆಂಡತಿ ಆ ನೋಟ್‌ಪುಸ್ತಕವನ್ನು ನನಗೆ ಹಿಂದಿರುಗಿಸಿದ್ದಳು. ಬಿಚ್ಚಿ ನೋಡುವ ಧೈರ್ಯ ಇಪ್ಪತ್ತೆಂಟು ವರ್ಷ ಬಂದಿರಲಿಲ್ಲ. ನಾನು ಬರೆಯಲು ಹೇಳಿದ್ದು ನೂರು ಸಾಲು. ಅದು ಕೆಲವೇ ಪುಟಗಳಲ್ಲಿ ಮುಗಿದಿತ್ತು. ಅಲ್ಲಿಂದಾಚೆಗೂ ಪುಟಗಳು ತುಂಬಿದ್ದವು. ನಾನು ಪುಸ್ತಕವನ್ನು ಎಸೆದ ವಾರದಿಂದ ಆರಂಭಿಸಿ, ಅಂಚಿನಲ್ಲಿ ದಿನಾಂಕ ಹಾಕಿ, ಅದೇ ಒಂದು ಸಾಲನ್ನು ಅವನು ಬರೆಯುತ್ತಲೇ ಹೋಗಿದ್ದ. ಕೆಲವು ದಿನ ಮುತ್ತಿನಂಥ ಅಕ್ಷರ, ಕೆಲವು ದಿನ ಒಡೆದ ಅಕ್ಷರ, ನಡುವೆ ತಿಂಗಳುಗಟ್ಟಲೆ ಏನೂ ಇಲ್ಲ, ಮತ್ತೆ ಹೊಸ ದಿನಾಂಕ. ಕೊನೆಯ ದಿನಾಂಕ 1996ರ ಫೆಬ್ರವರಿಯದು.

ಮನಸ್ಸಿಲ್ಲ ಎಂದು ನಾನು ಯಾರಿಗೆ ಹೇಳಿದ್ದೆನೋ ಅವನು ಎಂಟು ವರ್ಷ ಮನಸ್ಸು ಮಾಡುತ್ತಲೇ ಇದ್ದ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರಿದ್ದರೆ, ಆಣೆ ಮಾಡಿಸುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ. ಬಹಳ ಕಾಲದಿಂದ ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಥಟ್ಟನೆ ಬಿಡಿಸಬೇಡಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮುಂದಿನ ಬಾರಿ ಮದುವೆಯಲ್ಲೋ ಗೃಹಪ್ರವೇಶದಲ್ಲೋ ನಾವು ಸೇರಿದಾಗ ನನ್ನ ತಮ್ಮನ ಹೆಸರನ್ನು ನಾನೇ ಎತ್ತುತ್ತೇನೆ. ನೀವೂ ಅವನ ಬಗ್ಗೆ ನಾಲ್ಕು ಮಾತಾಡಿ. ಕಂಬ ಹತ್ತುವುದರಲ್ಲಿ ಅವನಂಥವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಎಲ್ಲರಿಗೂ ಒಳಿತಾಗಲಿ.

ನಿಮ್ಮ ಮೇಷ್ಟ್ರು